ಸೋನಿಕ್‌ನ ಓಟಕ್ಕೆ ಟಿ.ವಿ. ಹಾಕಿದ ಕಡಿವಾಣ

ನೀಲಿ ಬಣ್ಣದ ಸೋನಿಕ್‌ನನ್ನು ಅರಿಯದ ಮಕ್ಕಳು ಕಡಿಮೆ. ಜಪಾನಿನ ಸೆಗಾ ಕಂಪೆನಿ 1991ರಲ್ಲಿ ತನ್ನ ಮೆಗಾ ಡ್ರೈವ್ ಯಂತ್ರಕ್ಕೆಂದು ಹೊರತಂದ ಈ ವಿಡಿಯೋ ಆಟದ ಆಕರ್ಷಣೆಯೇ ವೇಗ. ಆದರೆ ಇಂಗ್ಲೆಂಡಿನ ಮಕ್ಕಳ ಪಾಲಿಗೆ ಬಂದ ಸೋನಿಕ್ ತುಸು ಸೋಮಾರಿ! ಅಮೆರಿಕದಲ್ಲಿ ಒಂದು ನಿಮಿಷ ಹಿಡಿಯುವ ಓಟಕ್ಕೆ ಅಲ್ಲಿ ಸುಮಾರು 72 ಸೆಕೆಂಡು ಬೇಕಾಗುತ್ತಿತ್ತು. ಹಿನ್ನೆಲೆ ಸಂಗೀತವೂ ಎಳೆದಂತೆ ಕೇಳುತ್ತಿತ್ತು. ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ, ನಡುವೆ ಅಮುಕಿದಂಥ ಚಿತ್ರ. ಯಂತ್ರವೇನೂ ಕೆಟ್ಟಿರಲಿಲ್ಲ. ಹಾಗಾದರೆ ಕಾರಣವೇನು?

ಪಿಕ್ಚರ್ ಟ್ಯೂಬ್ ಇದ್ದ ಹಳೆಯ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯ ಮೇಲಿಂದ ಕೆಳಕ್ಕೆ ಗೆರೆಗಳನ್ನೆಳೆಯುತ್ತ ಬಂದು, ತಳ ಮುಟ್ಟಿದೊಡನೆ ಮತ್ತೆ ಮೇಲಕ್ಕೆ ಹಾರುತ್ತದೆ. ಸೆಕೆಂಡಿಗೆ ಇಂಥ ಸುತ್ತುಗಳೆಷ್ಟು ಎಂಬುದನ್ನು ಆರಂಭದಲ್ಲಿ ಆಯಾ ದೇಶದ ವಿದ್ಯುತ್ತಿನ ಆವರ್ತಾಂಕಕ್ಕೆ ಹೊಂದಿಸಲಾಯಿತು. ಅಮೆರಿಕದ್ದು 60 ಹರ್ಟ್ಸ್, ಯೂರೋಪಿನದು 50. ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 525 ಗೆರೆಗಳು, ಸುಮಾರು 60 ಸುತ್ತುಗಳು. ಎರಡು ಸಲ ಒಂದೇ ಬಣ್ಣ ತೋರಿಸದ ಪದ್ಧತಿಯೆಂದು ಎಂಜಿನಿಯರುಗಳೇ ಅದನ್ನು ಗೇಲಿ ಮಾಡುತ್ತಿದ್ದುದುಂಟು. ಆ ಬಣ್ಣದ ದೋಷವನ್ನು ನಿವಾರಿಸಲು ಜರ್ಮನಿಯ ಟೆಲಿಫುಂಕನ್ ಕಂಪೆನಿಯ ವಾಲ್ಟರ್ ಬ್ರುಖ್ ರೂಪಿಸಿದ್ದು ಪಾಲ್ ಪದ್ಧತಿ. 625 ಗೆರೆ, 50 ಸುತ್ತು. 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದ ಭಾರತ ಆರಿಸಿಕೊಂಡದ್ದೂ ಪಾಲ್ ಪದ್ಧತಿಯನ್ನೇ. ಜಪಾನಿನದು ಇನ್ನೂ ಸ್ವಾರಸ್ಯ: ದೇಶದ ಪೂರ್ವ ಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಟಿ.ವಿ. ಮಾತ್ರ ಎಲ್ಲೆಡೆ ಅಮೆರಿಕದ ಪದ್ಧತಿ.

ಈಗ ಆಟದ ಯಂತ್ರಕ್ಕೆ ಬರೋಣ. ಕಿರಣ ಮೇಲಕ್ಕೆ ಹಾರುವ ಪ್ರತಿ ಸಲವೂ ಯಂತ್ರದ ಪ್ರೋಗ್ರಾಂ ಒಂದು ಹೆಜ್ಜೆ ಮುಂದಿಡುತ್ತದೆ. ಟಿ.ವಿ.ಯ ಸುತ್ತೇ ಆಟಕ್ಕೆ ತಾಳ. ಸುತ್ತಿಗೆ 5 ಚುಕ್ಕೆಯಷ್ಟು ಓಡುವ ಬೊಂಬೆ 60 ಸುತ್ತಿನಲ್ಲಿ 300 ಚುಕ್ಕೆ ಸಾಗಿದರೆ, 50 ಸುತ್ತಿನಲ್ಲಿ ಸಾಗುವುದು 250 ಮಾತ್ರ. ಆರರಲ್ಲೊಂದು ಪಾಲು ವೇಗ ಖೋತಾ! 5ರ ಬದಲು 6 ಎಂದು ತಿದ್ದಿದರಾಯಿತಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಓಟಕ್ಕೇನೋ ಅದು ಸರಿ. ಆದರೆ ಜಿಗಿತದ ಎತ್ತರ, ಬೀಳುವ ವೇಗ, ಶತ್ರುಗಳ ಚಲನೆ, ಸಂಗೀತ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಕೆಲವು ಕಂಪೆನಿಗಳು ಈ ಶ್ರಮ ವಹಿಸಿದವು, ಅನೇಕವು ವಹಿಸಲಿಲ್ಲ. ಪೂರ್ತಿ ಬೆಲೆ ತೆತ್ತವರಿಗೆ ಇದು ಅನ್ಯಾಯವೇ ಸರಿ. ಕಪ್ಪು ಪಟ್ಟಿಗಳ ಗುಟ್ಟೂ ಇಂಥದ್ದೇ: ಸೋನಿಕ್‌ನ ಚಿತ್ರಕ್ಕಿದ್ದದ್ದು 224 ಗೆರೆ ಮಾತ್ರ. ಹೆಚ್ಚು ಗೆರೆಗಳ ಪಾಲ್ ಪರದೆಯಲ್ಲಿ ಉಳಿದ ಜಾಗ ಖಾಲಿ.

ಅಮೆರಿಕದಲ್ಲಿ ಕೊಂಡ ಅಂದಿನ ಯಂತ್ರವನ್ನು ನಮ್ಮ ಪಾಲ್ ಟಿ.ವಿ.ಗೆ ಜೋಡಿಸಿದರೆ ಬಣ್ಣವೇ ಮಾಯವಾಗುವ ಸಂಭವವಿತ್ತು. ಬಣ್ಣದ ಸಂಕೇತವನ್ನು ಎನ್.ಟಿ.ಎಸ್.ಸಿ. 3.58 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ, ಪಾಲ್ ಟಿ.ವಿ. ಅದನ್ನು 4.43ರಲ್ಲಿ ಹುಡುಕುತ್ತದೆ.

1999ರಲ್ಲಿ ಯೂರೋಪಿಗೆ ಬಂದ ಸೆಗಾದ ಡ್ರೀಮ್‌ಕಾಸ್ಟ್‌ನ ಹಲವು ಆಟಗಳಲ್ಲಿ 50 ಅಥವಾ 60ನ್ನು ಆಟಗಾರನೇ ಆರಿಸಿಕೊಳ್ಳಬಹುದಿತ್ತು. ಇಂದಿನ ಚಪ್ಪಟೆ ಟಿ.ವಿ.ಗಳು ಎರಡನ್ನೂ ತೋರಿಸಬಲ್ಲವು. ಇಷ್ಟಾದರೂ, 2018ರಲ್ಲಿ ಸೋನಿ ಹೊರತಂದ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ ಟೆಕೆನ್ 3 ಸೇರಿದಂತೆ ಕೆಲವು ಹಳೆಯ ಆಟಗಳ ಪಾಲ್ ಆವೃತ್ತಿಗಳೇ ಇದ್ದವು. ಅಮೆರಿಕದ ಅಭಿಮಾನಿಗಳು ಆ ನಿಧಾನಗತಿಯ ರುಚಿ ನೋಡಿ ಗೊಣಗಿದರು.