ಅರ್ಧ ಅಂಗಳದಲ್ಲಿ ಅರಳಿದ ಆಟ

ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ 2013ರಲ್ಲಿ ಸಿಂಗಲ್ಸ್‌ಗೆ ವಿದಾಯ ಹೇಳಿದ್ದನ್ನು ಹಿನ್ನಡೆಯೆಂದು ಬಗೆದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆಕೆಯ ಆಟಕ್ಕೆ ತಕ್ಕ ಅಂಗಳ ಸಿಕ್ಕಿದ್ದೇ ಆಮೇಲೆ.

ಹೈದರಾಬಾದಿನ ಈ ಹುಡುಗಿಯ ಬಲವೆಲ್ಲ ಫೋರ್‌ಹ್ಯಾಂಡ್‌ನಲ್ಲಿತ್ತು. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದಳು. 2005ರಲ್ಲಿ ತವರಿನಲ್ಲೇ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದಳು. ಭಾರತದ ಮಹಿಳೆಯೊಬ್ಬಳಿಗೆ ಅದೇ ಮೊದಲು. 2007ರಲ್ಲಿ ವಿಶ್ವದ 27ನೇ ಸ್ಥಾನಕ್ಕೂ ಏರಿದಳು. ಆದರೆ ಸರ್ವ್ ಸೊರಗಿತ್ತು, ಇಡೀ ಕೋರ್ಟನ್ನು ಒಬ್ಬಳೇ ಓಡಿ ಕಾಯುವುದು ದುಬಾರಿಯಾಗಿತ್ತು. ಮೇಲಾಗಿ ಮಣಿಕಟ್ಟಿನ ನೋವು, 2008ರಲ್ಲಿ ಶಸ್ತ್ರಚಿಕಿತ್ಸೆ.

ಡಬಲ್ಸ್‌ನಲ್ಲಿ ಕಾಯಬೇಕಾದದ್ದು ಅರ್ಧ ಅಂಗಳ. ಹೊಡೆತದ ಬಿರುಸು ಮಾತ್ರ ಪೂರ್ತಿ ಉಪಯೋಗಕ್ಕೆ ಬರುತ್ತದೆ. 2015ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಯಾದಾಗ ಈ ಲೆಕ್ಕ ಸರಿಯಾಗಿ ಕೂಡಿಬಂತು. ಹಿಂದಿನಿಂದ ಸಾನಿಯಾ ಬಿರುಸಾಗಿ ಹೊಡೆದು ಎದುರಾಳಿಯನ್ನು ತತ್ತರಿಸುವಂತೆ ಮಾಡಿದರೆ, ನೆಟ್ ಬಳಿ ನಿಂತ ಹಿಂಗಿಸ್ ಬಲಹೀನವಾಗಿ ಮರಳಿದ ಚೆಂಡನ್ನು ಮುಗಿಸಿಬಿಡುತ್ತಿದ್ದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್: ಕೂಡಿ ಆಡಿದ ಮೊದಲ ಮೂರೂ ಟೂರ್ನಿಗಳು ಇವರ ಪಾಲಾದವು. ಆ ಏಪ್ರಿಲ್‌ನಲ್ಲೇ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್.

ಅದೇ ವರ್ಷದ ವಿಂಬಲ್ಡನ್ ಫೈನಲ್ ನನ್ನ ಮಟ್ಟಿಗೆ ಈ ಕಥೆಯ ಶಿಖರ. ರಷ್ಯಾದ ಮಕರೋವಾ–ವೆಸ್ನಿನಾ ಮೊದಲ ಸೆಟ್ ಗೆದ್ದಿದ್ದರು. ಮೂರನೆಯದರಲ್ಲಿ 5–2 ಮುಂದಿದ್ದರು. ಅಲ್ಲಿಂದ 5–5. ಕತ್ತಲಾಯಿತೆಂದು ಸೆಂಟರ್ ಕೋರ್ಟಿನ ಛಾವಣಿ ಮುಚ್ಚಿದರು, ದೀಪ ಹಾಕಿದರು. ಮತ್ತೆ ಆಟ ಶುರುವಾದ ಮೇಲೆ ಎದುರಾಳಿಗಳಿಗೆ ಒಂದು ಗೇಮೂ ದಕ್ಕಲಿಲ್ಲ: 5–7, 7–6, 7–5. ಕೈಜಾರುತ್ತಿದ್ದ ಪಂದ್ಯವನ್ನು ಹೀಗೆ ಹಿಡಿದೆಳೆದು ತರಲು ಹೊಡೆತಕ್ಕಿಂತ ಹೆಚ್ಚಾಗಿ ಜೊತೆಗಾತಿಯ ಮೇಲೆ ನಂಬಿಕೆ ಬೇಕು.

ಬಳಿಕ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್, ಸತತ 41 ಗೆಲುವು. 2016ರ ಆಗಸ್ಟ್‌ನಲ್ಲಿ ಜೋಡಿ ಬೇರೆಯಾಯಿತು. ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ಹೋಬರ್ಟ್‌ ಟೂರ್ನಿಯಲ್ಲಿ ಅಂಗಳಕ್ಕೆ ಮರಳಿದ ಸಾನಿಯಾ ಅಲ್ಲೂ ಪ್ರಶಸ್ತಿ ಗೆದ್ದರು.

ಕೊನೆಯ ಗ್ರ್ಯಾನ್‌ಸ್ಲಾಮ್ ಆಡಿದ್ದು 2023ರಲ್ಲಿ, ಮೆಲ್ಬರ್ನ್‌ನಲ್ಲಿ. ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಜೊತೆಗಿದ್ದವರು ಕೊಡಗಿನ ರೋಹನ್ ಬೋಪಣ್ಣ, ಸಾನಿಯಾ ಹದಿನಾಲ್ಕರ ಹುಡುಗಿಯಾಗಿದ್ದಾಗ ಮಿಶ್ರ ಡಬಲ್ಸ್‌ಗೆ ಸಿಕ್ಕ ಮೊದಲ ಜೊತೆಗಾರ. ಅಂದು ಸೋತರು. ಮುಂದಿನ ತಿಂಗಳು ದುಬೈನಲ್ಲಿ ನಿವೃತ್ತಿ. ಅಷ್ಟರಲ್ಲಿ 43 ಡಬಲ್ಸ್ ಪ್ರಶಸ್ತಿಗಳು ಆಕೆಯ ಹೆಸರಿನಲ್ಲಿದ್ದವು, ನಂಬರ್ ಒನ್ ಪಟ್ಟ 91 ವಾರ ಆಕೆಯದೇ ಆಗಿತ್ತು.