ಗಾಜಿನ ಚಿಮಣಿ ತಂದ ಬೆಳಕು

ಅಟ್ಟದ ಮೂಲೆಯಲ್ಲಿ ದೂಳು ಹಿಡಿದು ಕುಳಿತ ಹಳೆಯ ಗಾಜಿನ ದೀಪವೊಂದನ್ನು ಕೆಳಗಿಳಿಸಿ ನೋಡಿ. ಎಣ್ಣೆ ತುಂಬುವ ಗಾಜಿನ ಬುಡ್ಡಿ, ಅದರ ಮೇಲೆ ಹಿತ್ತಾಳೆಯ ಬರ್ನರು, ಬತ್ತಿ ಏರಿಸಿ ಇಳಿಸುವ ಪುಟ್ಟ ತಿರುಗಣೆ, ಎಲ್ಲಕ್ಕೂ ಮೇಲೆ ನಡು ಉಬ್ಬಿದ ಗಾಜಿನ ಚಿಮಣಿ. ಗಾಳಿಗೆ ದೀಪ ಆರದಿರಲೆಂದು ಈ ಚಿಮಣಿ ಎಂಬುದು ಹಲವರ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಗಾಳಿಯನ್ನು ಒಳಗೆ ಎಳೆದುಕೊಳ್ಳುವುದೇ ಅದರ ದೊಡ್ಡ ಕೆಲಸ!

ಸಾವಿರಾರು ವರ್ಷ ಮನೆಗಳನ್ನು ಬೆಳಗಿದ್ದು ತೆರೆದ ಹಣತೆ. ನಮ್ಮಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆ. ಯೂರೋಪಿನಲ್ಲಿ ಪ್ರಾಣಿಗಳ ಕೊಬ್ಬು, ತಿಮಿಂಗಿಲದ ಎಣ್ಣೆ. ಎಣ್ಣೆ ಯಾವುದಾದರೂ ಸಿಗುತ್ತಿದ್ದುದು ಮಂದ ಬೆಳಕು, ಜೊತೆಗೆ ಹೊಗೆ. ಸಾಕಷ್ಟು ಆಮ್ಲಜನಕ ಸಿಗದೆ ಉರಿಯದೇ ಉಳಿದ ಇಂಗಾಲವೇ ಗೋಡೆಗೆ ಹತ್ತುವ ಮಸಿ.

1780ರ ದಶಕದಲ್ಲಿ ಜಿನೀವಾ ಮೂಲದ ಏಮೆ ಆರ್ಗಾಂಡ್ ಇದಕ್ಕೆ ಉಪಾಯ ಕಂಡುಹಿಡಿದ. ಬತ್ತಿಯನ್ನು ಕೊಳವೆಯಂತೆ ಸುತ್ತಿ, ಒಳಗೂ ಹೊರಗೂ ಗಾಳಿ ಹರಿಯುವಂತೆ ಮಾಡಿ, ಸುತ್ತಲೂ ಚಿಮಣಿ ನಿಲ್ಲಿಸಿದ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ತಾಜಾ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಎಣ್ಣೆ ಚೆನ್ನಾಗಿ ಉರಿದು ಹೊಗೆ ತಗ್ಗಿತು, ಬೆಳಕು ಹಲವು ಪಟ್ಟು ಹೆಚ್ಚಿತು. ಆದರೆ ಮಂದವಾದ ಎಣ್ಣೆ ಬತ್ತಿಯಲ್ಲಿ ಸುಲಭವಾಗಿ ಮೇಲೇರದು. ಹಾಗಾಗಿ ಎಣ್ಣೆಯ ಪಾತ್ರೆಯನ್ನು ಎತ್ತರದಲ್ಲಿಡಬೇಕಿತ್ತು. ಅದರ ನೆರಳು ಒಂದು ಬದಿಗೆ ಬೀಳುತ್ತಿತ್ತು.

ಈ ತೊಡಕು ನೀಗಿಸಿದ್ದು ಸೀಮೆಎಣ್ಣೆ. ಇಂದು ಉಕ್ರೇನಿಗೆ ಸೇರಿರುವ ಲ್ವೀವ್ ನಗರದ ಔಷಧಿ ತಯಾರಕ ಇಗ್ನಾಸಿ ಲುಕಾಸೆವಿಚ್ ಕಲ್ಲೆಣ್ಣೆಯನ್ನು ಶುದ್ಧಗೊಳಿಸಿ, ಅದಕ್ಕೆ ಹೊಂದುವ ದೀಪ ಮಾಡಿಸಿದ. 1853ರ ಜುಲೈ 31ರ ರಾತ್ರಿ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬನಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಬೆಳಗಿನವರೆಗೆ ಕಾಯುವಂತಿರಲಿಲ್ಲ. ವೈದ್ಯರು ಕೆಲಸ ಮಾಡಿದ್ದು ಇದೇ ಹೊಸ ದೀಪದ ಬೆಳಕಿನಲ್ಲಿ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆದು ಎಣ್ಣೆ ತೆಗೆದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು. ತೆಳುವಾದ ಈ ಎಣ್ಣೆ ಬತ್ತಿಯಲ್ಲಿ ತಾನಾಗಿ ಮೇಲೇರುತ್ತದೆ. ಬುಡ್ಡಿ ಕೆಳಗೆ ಬಂತು, ದೀಪ ಸರಳವಾಯಿತು. ಬುಡ್ಡಿ ಗಾಜಿನದಾದರೆ ಎಷ್ಟು ಎಣ್ಣೆ ಉಳಿದಿದೆಯೆಂದು ಹೊರಗಿನಿಂದಲೇ ಕಾಣುತ್ತಿತ್ತು.

ದೂರದಿಂದ ಬಂದದ್ದೆಲ್ಲ ಕನ್ನಡಿಗರಿಗೆ ‘ಸೀಮೆ’ಯದು, ಸೀಮೆಸುಣ್ಣ, ಸೀಮೆಬದನೆಯಂತೆ ಸೀಮೆಎಣ್ಣೆ. ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದರೂ ಹಳ್ಳಿಗಳಲ್ಲಿ ದಶಕಗಳ ಕಾಲ ಲಾಟೀನು, ಬುಡ್ಡಿದೀಪಗಳದೇ ರಾಜ್ಯ. ಮುಸ್ಸಂಜೆಗೆ ಮೊದಲು ಬೂದಿ ಹಚ್ಚಿ ಗಾಜು ಉಜ್ಜುವ ಕೆಲಸ ಬಹುಮಟ್ಟಿಗೆ ಮಕ್ಕಳ ಪಾಲಿಗೆ. ಕಿರಿದಾದ ಚಿಮಣಿಯೊಳಗೆ ಹೋಗುತ್ತಿದ್ದುದು ಅವರ ಪುಟ್ಟ ಕೈಯೇ! ಕಾದ ಗಾಜಿಗೆ ತಣ್ಣೀರಿನ ಹನಿ ತಾಗಿದರೆ ಚಟ್ಟನೆ ಸೀಳು. ಆ ಜಾಗವಷ್ಟೇ ಥಟ್ಟನೆ ಕುಗ್ಗಿ ಉಳಿದದ್ದು ಹಿಗ್ಗಿಯೇ ಇರುವುದು ಅದಕ್ಕೆ ಕಾರಣ. ಹಗಲೆಲ್ಲ ಹೊಲದಲ್ಲಿ ದುಡಿದ ಮಗುವಿಗೆ ಓದಲು ಸಿಗುತ್ತಿದ್ದುದು ಈ ಗಾಜಿನ ಸುತ್ತಲ ಒಂದಿಷ್ಟು ಬೆಳಕು ಮಾತ್ರ.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನುವಂತಿಲ್ಲ. ಉರುಳಿದ ದೀಪದಿಂದ ಮನೆಗಳು ಸುಟ್ಟವು; ಚಿಮಣಿಯಿಲ್ಲದ ಬುಡ್ಡಿಯ ಹೊಗೆ ಮಕ್ಕಳ ಎದೆಗೂ ಇಳಿಯಿತು. ಈಗಿನ ಎಲ್‌ಇಡಿ ದೀಪಕ್ಕೆ ಆ ಅಪಾಯವಿಲ್ಲ.

ಆದರೂ ಹಳೆಯ ದೀಪ ಒಂದು ಪಾಠವನ್ನು ಉಳಿಸಿಕೊಂಡಿದೆ. ಹಿರಿಯರೇ ದೀಪ ಹಚ್ಚಿ ಮಕ್ಕಳಿಗೆ ತೋರಿಸಲಿ. ಚಿಮಣಿ ಇಡುವ ಮೊದಲು ಕುಡಿ ಕೆಂಪಗೆ ನಡುಗುತ್ತದೆ, ಹೊಗೆಯಾಡುತ್ತದೆ. ಇಟ್ಟ ಮೇಲೆ ನೆಟ್ಟಗೆ ನಿಂತು ಬೆಳ್ಳಗಾಗುತ್ತದೆ. ‘ಏಕೆ?’ ಎಂದು ಮಗು ಕೇಳಿದರೆ ದೀಪ ಕೆಳಗಿಳಿಸಿದ್ದು ಸಾರ್ಥಕ.