ಸುಗ್ಗಿಯ ಹಬ್ಬ ಮತ್ತು ದುಡಿಮೆಯ ನೆನಪು

ಸುಗ್ಗಿಯ ಹಬ್ಬವನ್ನು ಸಮೃದ್ಧಿಯ ಹಬ್ಬವೆಂದು ವರ್ಣಿಸುವುದು ವಾಡಿಕೆ. ಅದರ ಆಚರಣೆಗಳನ್ನು ಸೂಕ್ಷ್ಮವಾಗಿ ಗಮನಿಸಿದರೆ, ದುಡಿದ ಕೈಗಳ ನೆನಪು ಅದರ ತಿರುಳಾಗಿರುವುದು ಕಂಡುಬರುತ್ತದೆ. ಹೊಲದಿಂದ ಬಹುದೂರ, ದೆಹಲಿಯಲ್ಲಿ ನೆಲೆಸಿ ಸಂಕ್ರಾಂತಿಯನ್ನು ಆಚರಿಸುವ ಕನ್ನಡಿಗರು ಈ ಅಂಶವನ್ನು ವಿಶೇಷವಾಗಿ ಪರಿಶೀಲಿಸಬೇಕಾಗಿದೆ.

ನಮ್ಮ ಸುಗ್ಗಿಯ ಕೇಂದ್ರ ಕಣ. ನೆಲವನ್ನು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಡುತ್ತಿದ್ದರು. ಅದರ ಸುತ್ತ ಎತ್ತುಗಳ ಹಂತಿ ತಿರುಗುತ್ತಿತ್ತು. ಉತ್ತರ ಕರ್ನಾಟಕದ ಹಂತಿಯ ಹಾಡುಗಳು ಹುಟ್ಟಿದ್ದು ಈ ರಾತ್ರಿಯ ದುಡಿಮೆಯಲ್ಲಿಯೇ. ತೂರಿದ ಕಾಳಿನ ರಾಶಿಗೆ ಪೂಜೆ ಸಲ್ಲಿಸಿದ ನಂತರ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯಿತ್ತು. ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ಅವರ ಪಾಲು ಸಲ್ಲುತ್ತಿದ್ದುದೂ ಇಲ್ಲಿಯೇ. ಕೊಡುವ ಕೈ, ಒಡ್ಡುವ ಕೈಗಳ ನಡುವೆ ಜಾತಿಯ ಏಣಿಯಿತ್ತು, ಜೀತದ ನೋವೂ ಇತ್ತು ಎಂಬುದನ್ನು ಮರೆಯಲಾಗದು.

ಈ ದೃಷ್ಟಿಯಿಂದ ಕೆರಿಬಿಯನ್ ದ್ವೀಪವಾದ ಬಾರ್ಬಡೋಸಿನ ‘ಕ್ರಾಪ್ ಓವರ್’ ಹಬ್ಬ ಗಮನಾರ್ಹವಾದುದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಹಬ್ಬಿದ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಕಟಾವು ಮುಗಿದಾಗ ಕಡೆಯ ಕಬ್ಬಿನ ಗಾಡಿಯನ್ನು ಸಿಂಗರಿಸಿ ತರುತ್ತಿದ್ದರು. ಹಳೆಯ ಬಟ್ಟೆಗೆ ಕಬ್ಬಿನ ತರಗು ತುಂಬಿ ‘ಮಿಸ್ಟರ್ ಹಾರ್ಡಿಂಗ್’ ಎಂಬ ಬೊಂಬೆಯನ್ನು ಮಾಡಿ ಸುಡುವ ಪದ್ಧತಿಯೂ ಇತ್ತು. ಆ ಬೊಂಬೆ ಕಷ್ಟದ ದಿನಗಳ, ಕ್ರೂರ ಮೇಸ್ತ್ರಿಯ ಪ್ರತೀಕವಾಗಿತ್ತು. ಸಕ್ಕರೆಯ ಉದ್ಯಮ ಕುಸಿದಂತೆ 1940ರ ದಶಕದಲ್ಲಿ ನಿಂತುಹೋದ ಈ ಹಬ್ಬವನ್ನು 1974ರಲ್ಲಿ ಪ್ರವಾಸಿಗರನ್ನು ಆಕರ್ಷಿಸಲೆಂದು ಪುನರುಜ್ಜೀವನಗೊಳಿಸಲಾಯಿತು. ಇಂದು ಅದು ಆಗಸ್ಟ್ ತಿಂಗಳ ಆರಂಭದಲ್ಲಿ ವೇಷಭೂಷಣಗಳ ಭಾರೀ ಮೆರವಣಿಗೆಯೊಡನೆ ಮುಗಿಯುತ್ತದೆ. ಹಬ್ಬ ಉಳಿದಿದೆ, ಅದು ಹುಟ್ಟಿದ ತೋಟದ ಬದುಕು ಉಳಿದಿಲ್ಲ.

ದೆಹಲಿಯ ಕನ್ನಡಿಗರ ಸಂಕ್ರಾಂತಿಯೂ ಇಂಥದೇ ಸ್ಥಿತಿಯಲ್ಲಿದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳ ಮಿಶ್ರಣವನ್ನು ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆಯೊಡನೆ ಹಂಚಲಾಗುತ್ತದೆ. ಆದರೆ ಮಂಡ್ಯದ ಕಡೆ ಅದೇ ಸಂಜೆ ಸಿಂಗರಿಸಿದ ರಾಸುಗಳಿಗೆ ಕಿಚ್ಚು ಹಾಯಿಸುವ ಆಚರಣೆಗೆ ಬಹುಮಹಡಿ ವಸತಿಗಳಲ್ಲಿ ಎಡೆಯೆಲ್ಲಿ? ನೆರೆಯ ಪಂಜಾಬಿ ಕುಟುಂಬಗಳು ಹಿಂದಿನ ರಾತ್ರಿ ಹೊತ್ತಿಸುವ ಲೋಹ್ರಿಯ ಬೆಂಕಿಯೊಂದೇ ಆ ಕಿಚ್ಚನ್ನು ನೆನಪಿಸೀತು. ರಾಜಧಾನಿ ವಲಯಕ್ಕೇ ಸೇರಿದ ಮೀರತ್, ಬಾಗಪತ್ ಜಿಲ್ಲೆಗಳಲ್ಲಿ ಆ ದಿನಗಳಲ್ಲಿಯೇ ಕಬ್ಬಿನ ಕಟಾವು ನಡೆದಿರುತ್ತದೆ. ನಮ್ಮ ಹಬ್ಬಕ್ಕೂ ಅಲ್ಲಿ ಕಬ್ಬು ಕಡಿಯುವವರಿಗೂ ಪರಿಚಯವಿಲ್ಲ.

ಕರ್ನಾಟಕದಲ್ಲಿಯೂ ಒಕ್ಕಣೆ ಯಂತ್ರಗಳ ಪಾಲಾಗಿದೆ. ಇದನ್ನು ಕುರಿತು ಮರುಗಬೇಕಾಗಿಲ್ಲ. ಬೆನ್ನು ಮುರಿಯುವ ದುಡಿಮೆ ಕಡಿಮೆಯಾದುದು ಒಳ್ಳೆಯದೇ. ಆದರೆ ಮೇಟಿ, ಹಂತಿ, ಆಯ, ಹುಲುಸು ಎಂಬ ಮಾತುಗಳು ನಿಘಂಟಿನಲ್ಲಿ ಮಾತ್ರ ಉಳಿದರೆ, ಅವುಗಳೊಡನೆ ದುಡಿದವರ ಚರಿತ್ರೆಯೂ ಮರೆಯಾಗುತ್ತದೆ. ಕಣದಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು, ಜೀತದ ಕಹಿಯನ್ನೂ ಬಿಡದೆ, ದಾಖಲಿಸುವುದು ಕನ್ನಡ ವಿಭಾಗಗಳ ತುರ್ತು ಕರ್ತವ್ಯ. ಎಳ್ಳುಬೆಲ್ಲದ ಸಿಹಿ ಯಾರ ಬೆವರಿನ ಫಲವೆಂಬುದು ಮುಂದಿನ ತಲೆಮಾರಿಗೆ ತಿಳಿಯುವ ದಾರಿ ಅದೇ.